ಲಾಗ್ ಫೈಲಿನಲ್ಲಿ 128 ಅಂತಿದ್ದ ಸಾಲು

ಇವತ್ತು ಡ್ರ್ಯಾಗ್ ರೇಸಿಂಗ್ ಬಗ್ಗೆ ಮಾತಾಡ್ತೀನಿ, ಜೊತೆಗೆ ನನ್ನ ಹತ್ತಿರ ಇರೋ ಒಂದು ಲಾಗ್ ಫೈಲ್ ಬಗ್ಗೆ. ಎರಡಕ್ಕೂ ಏನು ಸಂಬಂಧ ಅಂತ ಆಮೇಲೆ ಗೊತ್ತಾಗುತ್ತೆ.

ನಾಲ್ಕು ವರ್ಷ ನಾನು ಅಹಮದಾಬಾದಿನಲ್ಲಿದ್ದೆ, ಸ್ಯಾಟಲೈಟ್ ಅನ್ನೋ ಏರಿಯಾದಲ್ಲಿ. ಇಸ್ರೋದ ಸ್ಪೇಸ್ ಅಪ್ಲಿಕೇಶನ್ಸ್ ಸೆಂಟರ್ ಅಲ್ಲೇ ಪಕ್ಕದಲ್ಲಿದೆ, ಏರಿಯಾಕ್ಕೆ ಆ ಹೆಸರು ಬಂದಿದ್ದೇ ಅದರಿಂದ ಅಂತ ಅಲ್ಲಿನವರು ಹೇಳ್ತಾರೆ. ಶಿವರಂಜನಿಯಿಂದ ನೇರ ಪಶ್ಚಿಮಕ್ಕೆ ಬಂದರೆ ಇಸ್ಕಾನ್ ಚಾರ್ ರಸ್ತಾ, ಅದರ ಮೇಲೆ ಎಸ್‌ಜಿ ಹೈವೇಯ ಫ್ಲೈಓವರ್. ಹಗಲು ಹೊತ್ತು ಅಲ್ಲಿ ಕಾರು ತೆವಳುತ್ತೆ. ರಾತ್ರಿ ಹನ್ನೊಂದರ ಮೇಲೆ ಖಾಲಿ ಹೊಡೀತಿರುತ್ತೆ.

ನನ್ನದು ಸೆಕೆಂಡ್ ಹ್ಯಾಂಡ್ ಸ್ಕೋಡಾ ಆಕ್ಟೇವಿಯಾ, 1.8 ಲೀಟರ್ ಟರ್ಬೊ ಪೆಟ್ರೋಲ್. ಕಂಪನಿ ಕೊಡೋದು 180 ಎಚ್‌ಪಿ. ಇಸಿಯು ರೀಮ್ಯಾಪ್ ಮಾಡಿಸಿದ ಮೇಲೆ ಸುಮಾರು 230. ರೀಮ್ಯಾಪ್ ಅಂದರೆ ಬೇರೇನಿಲ್ಲ, ಟರ್ಬೊ ಎಷ್ಟು ಗಾಳಿ ಒತ್ತಬೇಕು, ಅದಕ್ಕೆ ಎಷ್ಟು ಪೆಟ್ರೋಲ್, ಕಿಡಿ ಯಾವಾಗ ಅನ್ನೋ ಪಟ್ಟಿಗಳನ್ನು ತಿದ್ದೋದು. ನಮ್ಮಂಥ ಕೋಡ್ ಬರೆಯೋರಿಗೆ ಇದು ಬಹಳ ಅಪಾಯಕಾರಿ ಚಟ, ಯಾಕಂದ್ರೆ ಬೋಲ್ಟ್ ಬಿಚ್ಚದೇ, ಕೈ ಮಸಿ ಮಾಡಿಕೊಳ್ಳದೇ 50 ಎಚ್‌ಪಿ ಸಿಗುತ್ತೆ.

ಎಚ್‌ಪಿ ಸಿಕ್ಕಿದ ಮೇಲೆ ಅಳೀಬೇಕಲ್ಲ. ಡ್ರ್ಯಾಗ್ ರೇಸಿನ ಅಳತೆ ಕಾಲು ಮೈಲಿ, ಅಂದರೆ 402 ಮೀಟರ್. ನಿಂತಲ್ಲಿಂದ ಹೊರಟು ಅಷ್ಟು ದೂರ ಮುಟ್ಟೋಕೆ ಎಷ್ಟು ಸೆಕೆಂಡ್? ಇಷ್ಟೇ ಆಟ. ನಮ್ಮ ಬೆಂಗಳೂರಿನ ಹೇಮಂತ್ ಮುದ್ದಪ್ಪ ಬೈಕಿನಲ್ಲಿ ರಾಷ್ಟ್ರೀಯ ಡ್ರ್ಯಾಗ್ ಚಾಂಪಿಯನ್‌ಶಿಪ್ ಹಲವು ಸಲ ಗೆದ್ದವರು, ಅದು ನಡೆಯೋದು ಚೆನ್ನೈ ಹತ್ತಿರ ಇರುಂಗಾಟ್ಟುಕೋಟೈ ಟ್ರ್ಯಾಕಿನಲ್ಲಿ. ಕಾರಿನವರು ಹೋಗೋದು ಲೋಣಾವಳ ಕಡೆಯ ಆಂಬಿ ವ್ಯಾಲಿಯ ವಿಮಾನದ ರನ್‌ವೇಗೆ, ಅಲ್ಲಿ ವ್ಯಾಲಿ ರನ್ ಅಂತ ಮಾಡ್ತಿದ್ರು. ನಾನು ಎಲ್ಲಿಗೂ ಹೋಗಲಿಲ್ಲ. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಒಂದು ಜಿಪಿಎಸ್ ಡಬ್ಬಿ ತಂದು ಡ್ಯಾಶ್‌ಬೋರ್ಡಿಗೆ ಅಂಟಿಸಿದೆ. ಸೆಕೆಂಡಿಗೆ ಹತ್ತು ಸಲ ವೇಗ, ಜಾಗ ಎರಡನ್ನೂ ಬರೆದಿಡುತ್ತೆ.

ಇಲ್ಲಿ ಸ್ವಲ್ಪ ಲೆಕ್ಕ ಹೇಳಬೇಕು, ಬೇಜಾರು ಮಾಡ್ಕೋಬೇಡಿ. ಕಾಲು ಮೈಲಿಯ ಸಮಯ ಹೆಚ್ಚುಕಡಿಮೆ ತೂಕ ಭಾಗಿಸು ಶಕ್ತಿಯ ಘನಮೂಲಕ್ಕೆ ತಕ್ಕ ಹಾಗೆ ಇರುತ್ತೆ. ಅಂದರೆ ಎಂಜಿನ್ ಶಕ್ತಿ ದುಪ್ಪಟ್ಟು ಮಾಡಿದರೂ ಸಮಯ ಇಳಿಯೋದು ಶೇಕಡ 20 ಮಾತ್ರ. ನನ್ನ ಕಾರಿಗೆ ಲೆಕ್ಕದಲ್ಲಿ 14 ಸೆಕೆಂಡ್ ಚಿಲ್ಲರೆ ಬರಬೇಕು. ಅದನ್ನು 10 ಮಾಡಬೇಕಂದ್ರೆ ಶಕ್ತಿ ಸುಮಾರು ಮೂರು ಪಟ್ಟಾಗಬೇಕು. 2020ರ ಪೋರ್ಶೆ 911 ಟರ್ಬೊ ಎಸ್ ಎರಡು ಟರ್ಬೊ ಇಟ್ಟುಕೊಂಡು 650 ಎಚ್‌ಪಿ ಕೊಡ್ತಿದ್ದುದು ಸುಮ್ಮನೆ ಅಲ್ಲ. ಗರಿಷ್ಠ ವೇಗದ ದಾಖಲೆ ಇನ್ನೂ ದುಬಾರಿ: ಗಾಳಿಯ ವಿರುದ್ಧ ಬೇಕಾಗೋ ಶಕ್ತಿ ವೇಗದ ಘನದಷ್ಟು ಏರುತ್ತೆ, ವೇಗ ಎರಡರಷ್ಟಾದರೆ ಶಕ್ತಿ ಎಂಟರಷ್ಟು. ಬುಗಾಟಿಯವರು 2019ರ ಆಗಸ್ಟಿನಲ್ಲಿ ಜರ್ಮನಿಯ ಎರಾ-ಲೆಸಿಯನ್ ಟ್ರ್ಯಾಕಿನಲ್ಲಿ ಗಂಟೆಗೆ 490 ಕಿ.ಮೀ. ದಾಟಿಸಿದ್ದು ನಾಲ್ಕು ಟರ್ಬೊ ಇಟ್ಟು, ಅದೂ ಒಂದೇ ದಿಕ್ಕಿನಲ್ಲಿ.

ಇನ್ನೊಂದು, ಟರ್ಬೊಗೆ ತಣ್ಣನೆ ಗಾಳಿ ಬೇಕು. ಅಹಮದಾಬಾದಿನ ಮೇ ತಿಂಗಳ 45 ಡಿಗ್ರಿಯ ಗಾಳಿ 25 ಡಿಗ್ರಿಯದಕ್ಕಿಂತ ಶೇಕಡ 6ರಷ್ಟು ತೆಳು. ಇಂಟರ್‌ಕೂಲರ್ ಬಿಸಿಯಾಗಿ ಕೂತರೆ ಇಸಿಯು ತಾನಾಗೇ ಶಕ್ತಿ ಇಳಿಸುತ್ತೆ. ಹಾಗಾಗಿ ಈ ಹುಚ್ಚಿರೋರೆಲ್ಲ ರಾತ್ರಿಯೇ ಹೊರಡೋದು. ರಸ್ತೆ ಖಾಲಿ ಇರೋದು ಎರಡನೇ ಕಾರಣ.

ದಾಖಲೆ ಅಂದ ತಕ್ಷಣ ನನಗೆ ನೆನಪಾಗೋದು ಟ್ವಾಟರಾ ಕಥೆ. 2020ರ ಅಕ್ಟೋಬರಿನಲ್ಲಿ ಅಮೆರಿಕದ ಎಸ್‌ಎಸ್‌ಸಿ ಕಂಪನಿ ನೆವಾಡಾದ ಹೆದ್ದಾರಿಯೊಂದನ್ನು ಮುಚ್ಚಿಸಿ ಆ ಕಾರು ಓಡಿಸಿ, ಎರಡೂ ದಿಕ್ಕಿನ ಸರಾಸರಿ 508 ಕಿ.ಮೀ. ಅಂತ ಘೋಷಿಸಿತು. ವಿಡಿಯೊ ಬಿಟ್ಟರು. ಯೂಟ್ಯೂಬಿನಲ್ಲಿ ಕಾರಿನ ಬಗ್ಗೆ ಮಾತಾಡೋ ಕೆಲವರು ಕೂತು, ರಸ್ತೆ ಪಕ್ಕದ ಗುರುತುಗಳ ನಡುವಿನ ದೂರವನ್ನು ಮ್ಯಾಪಿನಲ್ಲಿ ಅಳೆದು, ಆ ದೂರ ದಾಟೋಕೆ ವಿಡಿಯೊದಲ್ಲಿ ಎಷ್ಟು ಸಮಯ ಹಿಡೀತು ಅಂತ ನೋಡಿದರು. ಪರದೆ ಮೇಲೆ ಕಾಣ್ತಿದ್ದ ಅಂಕಿಗೂ ಕಾರು ನಿಜವಾಗಿ ಹೋಗ್ತಿದ್ದ ವೇಗಕ್ಕೂ ತಾಳೆಯೇ ಇಲ್ಲ. ಕೊನೆಗೆ ಕಂಪನಿಯೇ ಒಪ್ಪಿಕೊಂಡಿತು. 2021ರ ಜನವರಿಯಲ್ಲಿ ಫ್ಲಾರಿಡಾದಲ್ಲಿ ಮತ್ತೆ ಓಡಿಸಿದಾಗ ಬಂದಿದ್ದು 455. ಕೆಟ್ಟ ಅಂಕಿಯೇನಲ್ಲ! ಆದರೆ 508 ಅಲ್ಲ. ಈ ಕಥೆ ನಾನು ಆಫೀಸಲ್ಲಿ ಎಷ್ಟು ಜನಕ್ಕೆ ಹೇಳಿದ್ದೀನೋ. ಲಾಗ್ ಸುಳ್ಳು ಹೇಳಲ್ಲ, ಮನುಷ್ಯ ಹೇಳ್ತಾನೆ ಅಂತ ಭಾಷಣ ಬಿಗೀತಿದ್ದೆ.

ಈಗ 2023ರ ಜುಲೈಗೆ ಬರ್ತೀನಿ.

ಜುಲೈ 15, ಶನಿವಾರ ರಾತ್ರಿ. ಮಳೆ ನಿಂತಿತ್ತು, ಗಾಳಿ ತಣ್ಣಗಿತ್ತು. ಊಟ ಮಾಡಿ ನಾನು, ನನ್ನ ಹೆಂಡತಿ ಎಸ್‌ಜಿ ಹೈವೇಗೆ ಹೊರಟ್ವಿ. ಅವಳ ಕೈಯಲ್ಲಿ ಫೋನು, ಟೈಮ್ ಓದಿ ಹೇಳೋಕೆ. ಮೂರು ಸಲ ಎಳೆದೆ. ಒಂದರಲ್ಲಿ ಕಾಲು ಮೈಲಿಗೆ 14.3 ಬಂತು. ಖುಷಿಯಾಯ್ತು, ಐಸ್‌ಕ್ರೀಮ್ ತಿಂದು ಮನೆಗೆ ಬಂದ್ವಿ.

ಜುಲೈ 19ರ ನಡುರಾತ್ರಿ ದಾಟಿ, ಅಂದರೆ 20ರ ನಸುಕಿನಲ್ಲಿ, ಇಸ್ಕಾನ್ ಫ್ಲೈಓವರ್ ಮೇಲೆ ಒಂದು ಥಾರ್ ಜೀಪು ಲಾರಿಗೆ ಹಿಂದಿನಿಂದ ಗುದ್ದಿತು. ಏನಾಯ್ತು ಅಂತ ನೋಡೋಕೆ, ಸಹಾಯ ಮಾಡೋಕೆ ಜನ ಸೇರಿದರು. ಪೊಲೀಸರು ಬಂದರು. ಆ ಗುಂಪಿನ ಮೇಲೆ ಒಂದು ಜಾಗ್ವಾರ್ ಕಾರು ಹರಿದುಹೋಯಿತು. ಅವತ್ತೇ ಒಂಬತ್ತು ಜನ ಸತ್ತರು. ಬೇರೆ ಊರಿಂದ ಬಂದು ಅಲ್ಲಿ ಓದ್ತಿದ್ದ ಹುಡುಗರಿದ್ದರು, ಡ್ಯೂಟಿ ಮೇಲಿದ್ದ ಕಾನ್‌ಸ್ಟೆಬಲ್ ಇದ್ದರು. ವಿಧಿವಿಜ್ಞಾನ ಪ್ರಯೋಗಾಲಯದ ವರದಿಯಲ್ಲಿ ಕಾರಿನ ವೇಗ 140 ದಾಟಿತ್ತು ಅಂತ ಬಂತು. ಚಾಲಕನ ವಿಷಯ ಕೋರ್ಟಿಗೆ ಹೋಗಿದೆ, ನಾನು ಅದರ ಬಗ್ಗೆ ಮಾತಾಡಲ್ಲ.

ಬೆಳಿಗ್ಗೆ ಟಿವಿಯಲ್ಲಿ ಅದನ್ನು ನೋಡ್ತಾ ಹೆಂಡತಿ ಕೇಳಿದಳು, "ರೀ, ಶನಿವಾರ ನಾವು ಆ ಬ್ರಿಡ್ಜ್ ಮೇಲೆ ಎಷ್ಟರಲ್ಲಿ ಹೋಗಿದ್ವಿ?"

"ಅಲ್ಲಿ ನಿಧಾನಕ್ಕೇ ಹೋಗಿದ್ದೆ ಕಣೇ. ಎಂಬತ್ತಿರಬಹುದು," ಅಂದೆ.

ಸುಳ್ಳು ಹೇಳಬೇಕು ಅಂತ ಹೇಳಿದ್ದಲ್ಲ. ನಿಜವಾಗಲೂ ಹಾಗೇ ಅನ್ಕೊಂಡಿದ್ದೆ. ನಾನು ರನ್ ತಗೊಂಡಿದ್ದು ಮುಂದೆ ನೇರ ರಸ್ತೆಯಲ್ಲಿ, ಬ್ರಿಡ್ಜ್ ಮೇಲಲ್ಲ. ಆದರೆ ಡಬ್ಬಿ ಆನ್ ಆಗೇ ಇತ್ತು. ಆಫೀಸಿಗೆ ಹೋಗಿ ಫೈಲ್ ತೆಗೆದೆ. ಅಕ್ಷಾಂಶ, ರೇಖಾಂಶ ಹಾಕಿ ಬ್ರಿಡ್ಜಿನ ಭಾಗವನ್ನಷ್ಟೇ ಸೋಸಿದೆ. 128.

ಒಂದು ಸಾಲಲ್ಲ, ಆ ಅಂಕಿಯ ಆಸುಪಾಸಿನ ಸಾಲುಗಳು ಸಾಲಾಗಿ ಇದ್ದವು. 128 ಕಿ.ಮೀ. ಅಂದರೆ ಸೆಕೆಂಡಿಗೆ 35.6 ಮೀಟರ್, ಒಂದು ಸಾಲಿಂದ ಮುಂದಿನ ಸಾಲಿಗೆ ಕಾರು ಮೂರೂವರೆ ಮೀಟರ್ ದಾಟಿರುತ್ತೆ. ಕಣ್ಣಿಗೆ ಏನೋ ಕಂಡು ಕಾಲು ಬ್ರೇಕಿಗೆ ಹೋಗೋಕೆ ಒಂದೂವರೆ ಸೆಕೆಂಡ್ ಹಿಡಿಯೋಣ: 53 ಮೀಟರ್ ಹೋಯ್ತು. ಒಳ್ಳೆ ಟೈರು, ಒಣ ರಸ್ತೆ ಅಂತಿಟ್ಟುಕೊಂಡರೂ ನಿಲ್ಲೋಕೆ ಇನ್ನೂ 79. ಒಟ್ಟು 132 ಮೀಟರ್. ಫೈಲಿನಲ್ಲಿ 37 ಸಾಲು. ನಾನು ಸ್ಕ್ರೀನ್ ಮೇಲೆ ಬೆರಳಿಟ್ಟು ಎಣಿಸಿದೆ.

ಲೋ ಬೀಮಿನಲ್ಲಿ, ಕಪ್ಪು ಬಟ್ಟೆ ಹಾಕಿ ನಿಂತಿರೋ ಮನುಷ್ಯ ನಮಗೆ ಕಾಣೋದು 60 ಮೀಟರ್ ಅಂತಿಟ್ಟುಕೊಳ್ಳಿ. 60ರ ವೇಗದಲ್ಲಿದ್ದರೆ ಕಾರು 42 ಮೀಟರಿಗೆ ನಿಲ್ಲುತ್ತೆ, ಅವನಿಗೂ ಬಂಪರಿಗೂ ನಡುವೆ 18 ಮೀಟರ್ ಉಳಿಯುತ್ತೆ. ನನ್ನ ವೇಗದಲ್ಲಿ? ಬ್ರೇಕ್ ಕೆಲಸ ಶುರು ಮಾಡೋ ಹೊತ್ತಿಗೆ ಉಳಿದಿರೋದು 7 ಮೀಟರ್. ಗುದ್ದೋವಾಗ ಕಾರು 122ರಲ್ಲಿರುತ್ತೆ. ಬ್ರೇಕ್ ಹಾಕಿಯೂ 122.

ಸಂಜೆ ಮನೆಗೆ ಬಂದು ಹೇಳಿದೆ. ಅವಳು ಬೈಯಲಿಲ್ಲ. "ಫೋನ್ ಹಿಡ್ಕೊಂಡು ಅಂಕಿ ಓದ್ತಿದ್ದೋಳು ನಾನೇ ಅಲ್ವಾ," ಅಂದಳು. ಅದು ಬೈಗುಳಕ್ಕಿಂತ ಕಷ್ಟ ಆಯ್ತು.

ಕಾನೂನು ಏನು ಹೇಳುತ್ತೆ ಅಂತ ಆಮೇಲೆ ಓದಿದೆ. ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ಸಾರ್ವಜನಿಕ ಸ್ಥಳದಲ್ಲಿ ರೇಸ್ ಅಥವಾ ವೇಗದ ಪರೀಕ್ಷೆ ಮಾಡಿದರೆ ಮೋಟಾರು ವಾಹನ ಕಾಯ್ದೆಯ 189ನೇ ಕಲಮು. 2019ರ ತಿದ್ದುಪಡಿ ಆದಮೇಲೆ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು, ಇಲ್ಲ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ‘ವೇಗದ ಪರೀಕ್ಷೆ’ ಅನ್ನೋ ಮಾತು ಗಮನಿಸಿ. ನಾನೊಬ್ಬನೇ ಡಬ್ಬಿ ಇಟ್ಕೊಂಡು ಮಾಡ್ತಿದ್ದುದಕ್ಕೆ ಇದಕ್ಕಿಂತ ಸರಿಯಾದ ಹೆಸರಿಲ್ಲ. ನನ್ನ ರೀಮ್ಯಾಪಿನ ಬೆಲೆಗೆ ಹೋಲಿಸಿದರೆ 5,000 ಏನೇನೂ ಅಲ್ಲ, ಅದೂ ನಿಜ.

ವೇಗದ ಆಸೆ ಹೋಯ್ತಾ ಅಂದ್ರೆ, ಇಲ್ಲ. ಸುಳ್ಳು ಯಾಕೆ ಹೇಳಲಿ. ಮುಂದೆ ಒಂದು ಸಲ ರನ್‌ವೇ ಮೇಲೆ ನಡೆದ ಡ್ರ್ಯಾಗ್‌ಗೆ ದುಡ್ಡು ಕಟ್ಟಿ ಹೋದೆ. ತಪಾಸಣೆಯವರು ಮೊದಲು ಕಾರೊಳಗಿದ್ದ ಮ್ಯಾಟು, ನೀರಿನ ಬಾಟ್ಲು, ಗಣಪತಿ ಎಲ್ಲ ತೆಗೆಸಿದರು. ಹೆಲ್ಮೆಟ್ ನೋಡಿದರು. ಗೆರೆ ಹತ್ತಿರ ಬೆಳಕಿನ ಕಿರಣಗಳಿರುತ್ತೆ, ಮುಂದಿನ ಚಕ್ರ ಅದನ್ನು ಕಡಿದ ಮೇಲೇ ದೀಪದ ಕಂಬ ಶುರುವಾಗೋದು. ಹಸಿರು ಬಂತು, ಒತ್ತಿದೆ. ಮುಂದಿನ ಚಕ್ರಗಳು ಗಿರ್ರನೆ ತಿರುಗಿ ಅರ್ಧ ಸೆಕೆಂಡ್ ಅಲ್ಲೇ ತಿಂದುಹಾಕಿದವು. ಚೀಟಿಯಲ್ಲಿ 14.9. ಹೈವೇಯ 14.3 ಎಲ್ಲಿ ಹೋಯ್ತು? ಅಲ್ಲಿ ಸ್ವಲ್ಪ ಇಳಿಜಾರಿತ್ತು. ಟ್ವಾಟರಾದವರನ್ನು ನೋಡಿ ನಕ್ಕಿದ್ದೋನು ನಾನೇ.

ಅಲ್ಲಿ ನನ್ನ ಕಣ್ಣಿಗೆ ಬಿದ್ದಿದ್ದು 402 ಮೀಟರ್ ಅಲ್ಲ, ಅದರ ಆಚೆ ಇದ್ದ ರನ್‌ವೇ. ರೇಸಿಗಿಂತ ಉದ್ದದ ಜಾಗವನ್ನು ಬರೀ ನಿಲ್ಲೋಕೆ ಅಂತ ಖಾಲಿ ಬಿಟ್ಟಿದ್ದರು. ಕೊನೇಲಿ ಒಬ್ಬ ಮಾರ್ಷಲ್ ಬಾವುಟ ಹಿಡಿದು ಕೂತಿದ್ದ, ಬೇರೆ ಒಂದು ನಾಯಿಯೂ ಇರಲಿಲ್ಲ.

ಚೀಟಿ ತಂದು ಹೆಂಡತಿಗೆ ತೋರಿಸಿದೆ. "ಅಷ್ಟೇನಾ?" ಅಂದಳು. ಅಷ್ಟೇ.

ಪ್ರಶ್ನೆ ಇದ್ದರೆ ಕೇಳಿ. ರೀಮ್ಯಾಪ್ ಎಲ್ಲಿ ಮಾಡಿಸಿದ್ರಿ ಅನ್ನೋದೊಂದು ಬಿಟ್ಟು.