ಇಂಗ್ಲಿಷಿನ ಬಾಲ, ಕನ್ನಡದ ಬೆನ್ನೆಲುಬು

ಸಿಂಗಾಪುರದ ಹಿರಿಯರೇ, ಶಾಲೆ ಮುಗಿಸಿ, ಮನೆಗೂ ಹೋಗದೆ, ನೇರವಾಗಿ ಇಲ್ಲಿಗೆ ಬಂದು ಕುಳಿತಿರುವ ಮಕ್ಕಳೇ,

ಈಗ ಹೇಳಿದ ಸಂಬೋಧನೆಯನ್ನೇ ಸ್ವಲ್ಪ ಗಮನಿಸಿ. ಮುಗಿಸಿ, ಹೋಗದೆ, ಬಂದು: ಮೂರೂ ಕ್ರಿಯೆಯನ್ನೇ ಹೇಳುವ ಪದಗಳು. ಆದರೆ ಮೂರರಲ್ಲಿ ಒಂದರಿಂದಲೂ ಮಾತು ಮುಗಿಯುವುದಿಲ್ಲ. ‘ಶಾಲೆ ಮುಗಿಸಿ’ ಎಂದು ಹೇಳಿ ಸುಮ್ಮನಾದರೆ ಕೇಳುವವರು ‘ಮುಗಿಸಿ? ಮುಂದೆ?’ ಎನ್ನುತ್ತಾರೆ. ಶಾಲೆಯ ವ್ಯಾಕರಣ ಪುಸ್ತಕದಲ್ಲಿ ಇವುಗಳಿಗೆ ಕೃದಂತಾವ್ಯಯ ಎಂಬ ಭಾರವಾದ ಹೆಸರಿದೆ. ಹೆಸರು ಭಾರವಾದರೂ ವಸ್ತು ಹಗುರ. ಅಡುಗೆಮನೆಯಿಂದ ಸಂತೆಯವರೆಗೆ ಇದಿಲ್ಲದೆ ಕನ್ನಡದ ಮಾತು ಹೊರಡುವುದೇ ಇಲ್ಲ.

ಇಂಗ್ಲಿಷಿನಲ್ಲಿ ಇದಕ್ಕೆ ಹತ್ತಿರವಾದದ್ದು ಪಾರ್ಟಿಸಿಪಲ್. ಕ್ರಿಯಾಪದಕ್ಕೆ ‘ಇಂಗ್’ ಅಥವಾ ‘ಎಡ್’ ಸೇರಿಸಿದ ರೂಪ. ಅದರಿಂದ ಶುರುವಾಗುವ ಒಂದು ತುಂಡನ್ನು ಅಲ್ಪವಿರಾಮ ಹಾಕಿ ಮುಖ್ಯ ವಾಕ್ಯಕ್ಕೆ ಅಂಟಿಸುತ್ತಾರೆ. ಕಾರಣ ಹೇಳಬೇಕೆ, ವಿವರಿಸಬೇಕೆ, ಒಂದು ಸಂಗತಿಗೆ ಒತ್ತು ಕೊಡಬೇಕೆ, ಈ ತುಂಡು ಸಾಕು. ಅದನ್ನು ಮುಂದೆ ಇಡಬಹುದು, ನಡುವೆ ಇಡಬಹುದು, ಹಿಂದೆ ಬಾಲದಂತೆಯೂ ಇಡಬಹುದು. ಕನ್ನಡಕ್ಕೆ ಇಂಗ್ಲಿಷಿನಲ್ಲಿ ವ್ಯಾಕರಣ ಬರೆದವರು ನಮ್ಮ ‘ಮಾಡಿ’, ‘ಮಾಡುತ್ತ’ಗಳಿಗೂ ಅದೇ ಹೆಸರನ್ನು ಕೊಟ್ಟರು. ಕಿಟೆಲ್ ಅವರ 1903ರ ವ್ಯಾಕರಣದಲ್ಲೂ ಪಾರ್ಟಿಸಿಪಲ್ ಎಂಬ ಮಾತೇ ಇದೆ. ಹೆಸರು ಒಂದಾದ್ದರಿಂದ ವಸ್ತುವೂ ಒಂದೇ ಎಂಬ ಭ್ರಮೆ ಹುಟ್ಟಿತು. ಮಕ್ಕಳು ಅಂಕ ಕಳೆದುಕೊಳ್ಳುವುದು ಈ ಭ್ರಮೆಯಿಂದಲೇ.

ಒಬ್ಬ ಹುಡುಗ ಬರೆಯುತ್ತಾನೆ: ‘ವಾಕಿಂಗ್ ಟು ಸ್ಕೂಲ್, ಎ ಡಾಗ್ ಬಿಟ್ ಮಿ.’ ಅವನ ಮನಸ್ಸಿನಲ್ಲಿರುವುದು ‘ಶಾಲೆಗೆ ನಡೆದು ಹೋಗುತ್ತಿರುವಾಗ ನಾಯಿ ಕಚ್ಚಿತು’ ಎಂಬ ಸರಿಯಾದ ಕನ್ನಡ. ಆದರೆ ಇಂಗ್ಲಿಷ್ ಮೇಷ್ಟರು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಾರೆ. ಏಕೆಂದರೆ ಆ ಭಾಷೆಯಲ್ಲಿ ತುಂಡಿನೊಳಗೆ ಕರ್ತೃ ಕಾಣದಿದ್ದರೆ ಮುಖ್ಯ ವಾಕ್ಯದ ಕರ್ತೃವೇ ಅದಕ್ಕೂ ಕರ್ತೃ. ಆ ಲೆಕ್ಕದಲ್ಲಿ ಶಾಲೆಗೆ ನಡೆದು ಹೊರಟದ್ದು ನಾಯಿ! ಹುಡುಗ ಬೇಸರಪಡಬೇಕಾಗಿಲ್ಲ. ಶೇಕ್ಸ್‌ಪಿಯರನ ‘ಹ್ಯಾಮ್ಲೆಟ್’ನಲ್ಲಿ ಸತ್ತ ದೊರೆಯ ಪ್ರೇತ ಬಂದು, ತಾನು ತೋಟದಲ್ಲಿ ಮಲಗಿದ್ದಾಗ ಹಾವು ಕಚ್ಚಿತೆಂದು ಸುದ್ದಿ ಹಬ್ಬಿಸಿದ್ದಾರೆ ಎನ್ನುವ ವಾಕ್ಯದ ಕಟ್ಟೂ ಹೀಗೆಯೇ ಇದೆ. ವ್ಯಾಕರಣ ಹಿಡಿದು ನೋಡಿದರೆ ಅಲ್ಲಿ ಮಲಗಿದ್ದು ಹಾವು. ಶೇಕ್ಸ್‌ಪಿಯರನಿಗೆ ಯಾರೂ ಅಂಕ ಕಳೆಯಲಿಲ್ಲ.

ಕನ್ನಡ ಈ ವಿಷಯದಲ್ಲಿ ಉದಾರಿ. ‘ಮಳೆ ಬಂದು ಕೆರೆ ತುಂಬಿತು’ ಎಂದು ಸಿಂಗಾಪುರದ ಯಾವ ಅಜ್ಜಿಯಾದರೂ ಹೇಳಿಯಾರು. ಬಂದದ್ದು ಮಳೆ, ತುಂಬಿದ್ದು ಕೆರೆ, ಕರ್ತೃಗಳು ಎರಡು. ಸಂಸ್ಕೃತವೂ ಇಷ್ಟು ಸಡಿಲ ಬಿಡುವುದಿಲ್ಲ. ಎರಡು ಕ್ರಿಯೆಗಳನ್ನು ಒಬ್ಬನೇ ಮಾಡಿದಾಗ, ಮೊದಲು ನಡೆದದ್ದಕ್ಕೆ ‘ಕ್ತ್ವಾ’ ಪ್ರತ್ಯಯ ಎಂಬುದು ಪಾಣಿನಿಯ ಕಟ್ಟುನಿಟ್ಟು. ಹಾಗೆಂದು ಕನ್ನಡದಲ್ಲಿ ಲಗಾಮೇ ಇಲ್ಲವೆಂದು ತಿಳಿಯಬಾರದು. ‘ಅಣ್ಣ ಬಂದು ತಂಗಿ ಹೋದಳು’ ಎಂದರೆ ಯಾರಿಗೂ ಒಪ್ಪಿಗೆಯಾಗದು. ‘ಬಂದ ಮೇಲೆ’ ಎನ್ನಬೇಕು. ಮಳೆಯಿಂದ ಕೆರೆ ತಾನಾಗಿ ತುಂಬುತ್ತದೆ, ಅಣ್ಣ ಬಂದದ್ದರಿಂದ ತಂಗಿ ತಾನಾಗಿ ಹೋಗುವುದಿಲ್ಲ. ಒಂದರ ಹೊಟ್ಟೆಯಿಂದ ಇನ್ನೊಂದು ಹುಟ್ಟುವ ಕಡೆ ಮಾತ್ರ ಎರಡು ಕರ್ತೃಗಳಿಗೆ ಜಾಗ. ಅಂದರೆ ‘ಬಂದು’ ಎಂಬ ಪುಟ್ಟ ಪದದೊಳಗೆ ‘ಆದ್ದರಿಂದ’ ಎಂಬುದೂ ಅಡಗಿ ಕುಳಿತಿದೆ.

ಒತ್ತಿನ ವಿಷಯದಲ್ಲೂ ದಾರಿಗಳು ಬೇರೆ. ಕೆರೆಯ ಏರಿ ಬಿರುಕು ಬಿಟ್ಟದ್ದು ತಿಳಿದಿದ್ದ ಅಧಿಕಾರಿ ಸುಮ್ಮನಿದ್ದನೆಂದು ಇಂಗ್ಲಿಷಿನಲ್ಲಿ ಖಾರವಾಗಿ ಹೇಳಬೇಕಾದರೆ ‘ನೋಯಿಂಗ್ ಫುಲ್ ವೆಲ್’ ಎಂದು ಮೂರು ಪದ ಕೂಡಿಸಿ, ಅದನ್ನು ವಾಕ್ಯದ ತಲೆಬಾಗಿಲಲ್ಲೇ ನಿಲ್ಲಿಸುತ್ತಾರೆ. ಕನ್ನಡಕ್ಕೆ ‘ಗೊತ್ತಿದ್ದೂ’ ಎಂಬ ಒಂದೇ ಪದ ಸಾಕು. ಕೊನೆಯ ‘ಊ’ಕಾರದಲ್ಲಿ ಆರೋಪಪಟ್ಟಿ ಸಿದ್ಧ. ‘ಗೊತ್ತಿದ್ದು ಸುಮ್ಮನಿದ್ದ’ ಎಂಬುದಕ್ಕೂ ‘ಗೊತ್ತಿದ್ದೂ ಸುಮ್ಮನಿದ್ದ’ ಎಂಬುದಕ್ಕೂ ಒಂದು ದೀರ್ಘದ ವ್ಯತ್ಯಾಸ ಮಾತ್ರ. ಅಚ್ಚಿನಲ್ಲಿ ಆ ದೀರ್ಘ ಬಿಟ್ಟುಹೋದರೆ ಅಧಿಕಾರಿ ಬಚಾವಾದಂತೆ.

ಇನ್ನು ಬಾಲದ ವಿಷಯ. ಕನ್ನಡ ಪತ್ರಿಕಾಲಯಗಳಲ್ಲಿ ರಾತ್ರಿ ಪಾಳಿಯವರು ಸುದ್ದಿಸಂಸ್ಥೆಗಳ ಇಂಗ್ಲಿಷ್ ವರದಿಗಳನ್ನು ಅವಸರದಲ್ಲಿ ಕನ್ನಡಕ್ಕೆ ತರುವುದು ಬಹುಕಾಲದ ರೂಢಿ. ‘ಎ ಬಸ್ ಫೆಲ್ ಇಂಟು ಎ ಗಾರ್ಜ್, ಕಿಲ್ಲಿಂಗ್ ಫೈವ್.’ ಇಲ್ಲಿ ಪೂರ್ಣ ಕ್ರಿಯಾಪದ ಸಿಕ್ಕಿರುವುದು ಬಸ್ಸಿಗೆ. ಐವರ ಸಾವು ಅಲ್ಪವಿರಾಮದ ಆಚೆಗಿನ ಬಾಲ. ಹೊಸಬನೊಬ್ಬ ಇದನ್ನು ‘ಬಸ್ ಕಂದಕಕ್ಕೆ ಬಿತ್ತು, ಐವರನ್ನು ಕೊಲ್ಲುತ್ತ’ ಎಂದು ಬರೆದರೆ ನಗು ಬರುತ್ತದೆ. ಕನ್ನಡ ವಾಕ್ಯಕ್ಕೆ ಹಾಗೆ ಬಾಲ ಹಚ್ಚಲಾಗದು. ಪೂರ್ಣ ಕ್ರಿಯಾಪದ ಬಂದರೆ ವಾಕ್ಯ ಅಲ್ಲಿಗೆ ಮುಗಿಯಿತು. ಆದ್ದರಿಂದ ‘ಬಸ್ ಕಂದಕಕ್ಕೆ ಉರುಳಿ ಐವರು ಸತ್ತರು’ ಎಂದಾಗುತ್ತದೆ. ಈಗ ಬಸ್ಸು ಬಿದ್ದದ್ದು ಅರೆಕ್ರಿಯೆ, ಪೂರ್ಣಕ್ರಿಯೆ ಸಾವಿನದು. ಭಾಷೆ ಬದಲಾದಾಗ ತಕ್ಕಡಿಯ ತಟ್ಟೆಗಳೂ ಅದಲು ಬದಲಾದವು. ಸತ್ತವರ ಮಟ್ಟಿಗೆ ಕನ್ನಡವೇ ನ್ಯಾಯವಾಗಿ ತೂಗಿತೆನ್ನಬೇಕು.

ಆದರೆ ಎಲ್ಲ ಕಡೆಯೂ ಇಷ್ಟು ಸುಲಭವಲ್ಲ. ‘ಪೊಲೀಸ್ ಓಪನ್ಡ್ ಫೈರ್, ಕಿಲ್ಲಿಂಗ್ ಟೂ.’ ಕೊಂದವರು ಯಾರೆಂಬುದನ್ನು ಇಂಗ್ಲಿಷ್ ಬಾಲ ಮುಚ್ಚಿಡುವುದಿಲ್ಲ. ಪಾರ್ಟಿಸಿಪಲ್ ನಿಯಮವೇ ಪೊಲೀಸರತ್ತ ಕೈ ತೋರಿಸುತ್ತದೆ. ಕನ್ನಡಕ್ಕೆ ತರುವವನ ಮುಂದೆ ಮೂರು ದಾರಿಗಳಿವೆ. ‘ಪೊಲೀಸರು ಗುಂಡು ಹಾರಿಸಿ ಇಬ್ಬರನ್ನು ಕೊಂದರು’ ಎಂದರೆ ಮಾಡಿದವರ ಹೆಸರು ಕೊನೆಯ ಪದದವರೆಗೂ ಬರುತ್ತದೆ. ‘ಪೊಲೀಸರು ಗುಂಡು ಹಾರಿಸಿದಾಗ ಇಬ್ಬರು ಸತ್ತರು’ ಎಂದರೆ ಗುಂಡು ಬರಿಯ ಸಮಯಸೂಚಕವಾಗುತ್ತದೆ, ಹನ್ನೆರಡು ಗಂಟೆ ಹೊಡೆದಾಗ ಎಂಬಂತೆ. ‘ಗುಂಡು ತಗುಲಿ ಇಬ್ಬರು ಸತ್ತರು’ ಎಂದರಂತೂ ಪೊಲೀಸರು ವಾಕ್ಯದಿಂದಲೇ ಹೊರಟುಹೋದರು. ಮಳೆ ಬಂದು ಕೆರೆ ತುಂಬಿದಂತೆ, ಗುಂಡು ತಗುಲಿ ಜನ ಸತ್ತರು. ಕನ್ನಡದ ಆ ಉದಾರತೆಯೇ ಇಲ್ಲಿ ಬಚ್ಚಿಟ್ಟುಕೊಳ್ಳಲು ಮೂಲೆಯಾಗುತ್ತದೆ. ನಾಳೆ ಬೆಳಿಗ್ಗೆ ಪತ್ರಿಕೆ ಓದುವಾಗ ‘ತಗುಲಿ’, ‘ಸಿಲುಕಿ’, ‘ಸಿಡಿದು’ ಎಂಬಂಥ ಪದಗಳು ಸಿಕ್ಕಿದರೆ, ಹಾರಿಸಿದವರು ಯಾರು ಎಂದು ಒಮ್ಮೆ ಕೇಳಿ ನೋಡಿ.

ಈ ಕಟ್ಟು ಇಂದು ನಿನ್ನೆಯದಲ್ಲ. ಇಲ್ಲಿಂದ ದೂರವೇನಿಲ್ಲದ ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿಗಾಗಿ ನೆಲ ಅಗೆಯುವಾಗ ಒಂದು ವೀರಗಲ್ಲು ದೊರೆಯಿತು. ಗಂಗರ ದೊರೆ ಶ್ರೀಪುರುಷನ ಕಾಲದ್ದು, 8ನೇ ಶತಮಾನ. ದಾಳಿಗೆ ಎದುರಾಗಿ ಹೋರಾಡಿ ಸತ್ತ ಕಿತ್ತಯ್ಯ ಎಂಬವನ ನೆನಪಿಗೆ ನಿಲ್ಲಿಸಿದ ಕಲ್ಲು ಅದು. ಬೆಂಗಳೂರು ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ 1905ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ 9ನೇ ಸಂಪುಟದಲ್ಲಿ ಅಚ್ಚು ಹಾಕಿಸಿದಾಗ ಈ ಕಲ್ಲು ಇನ್ನೂ ಮಣ್ಣಿನಡಿ ಇತ್ತು.

ಕನ್ನಡ ನಾಡಿನ ವೀರಗಲ್ಲುಗಳಲ್ಲಿ ಮತ್ತೆ ಮತ್ತೆ ಕಾಣುವ ಮಾತು ‘ಕಾದಿ ಸತ್ತ’. ದನಗಳ್ಳರನ್ನು ಎದುರಿಸಿದವನಾದರೆ ‘ತುರುವನ್ನು ಮರಳಿಸಿ ಸತ್ತ’. ಇದನ್ನು ಇಂಗ್ಲಿಷಿನಲ್ಲಿ ‘ಡೈಡ್ ಫೈಟಿಂಗ್’ ಎಂದರೆ ಸೊಗಸಾಗಿಯೇ ಕೇಳಿಸುತ್ತದೆ. ಆದರೆ ಅದು ‘ಕಾದುತ್ತ ಸತ್ತ’ ಎಂದಾಯಿತು. ಕಾಳಗ ಅರ್ಧದಲ್ಲಿ ನಿಂತಂತೆ. ಕಲ್ಲು ಕಡೆಸಿದವರು ಬರೆಸಿದ್ದು ‘ಕಾದುತ್ತ’ ಎಂದಲ್ಲ. ‘ಮರಳಿಸಿ’ ಎಂಬುದು ಮುಗಿದ ಕೆಲಸ. ಅವನು ಬೀಳುವ ಹೊತ್ತಿಗೆ ಊರಿನ ದನಗಳು ಹಟ್ಟಿ ಸೇರಿದ್ದವು.