ಹಬ್ಬದ ಊಟ, ಕಾನೂನಿನ ನೋಟ

ದಕ್ಷಿಣ ಕನ್ನಡ ಅಥವಾ ಉಡುಪಿ ಜಿಲ್ಲೆಯ ಯಾವುದಾದರೂ ಚರ್ಚ್‌ನ ವಾರ್ಷಿಕ ಹಬ್ಬಕ್ಕೆ ನೀವು ಹೋಗಿದ್ದರೆ, ಬಲಿಪೂಜೆ ಮುಗಿಯುವ ಹೊತ್ತಿಗೆ ಸಭಾಭವನದ ಹಿಂಬದಿಯಿಂದ ತೇಲಿಬರುವ ಪರಿಮಳ ನೆನಪಿರಬಹುದು. ಹಬೆಯಲ್ಲಿ ಬೆಂದ ಬಿಳಿ ಸಾನ್ನಾ, ಹಂದಿಮಾಂಸದ ಬಫಾತ್, ಕೋಳಿ ಸಾರು, ಅನ್ನ. ಕೆಲವು ಊರುಗಳಲ್ಲಿ ಇವು ಒಂದೊಂದು ಮನೆಯಿಂದ ಪಾತ್ರೆಗಳಲ್ಲಿ ಬರುತ್ತವೆ. ಇಂತಹ ಊಟಕ್ಕೂ ಸರಕಾರದ ನಿಯಮಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಹಿಂದೊಮ್ಮೆ ನಾನೂ ಹಾಗೆಯೇ ಕೇಳಿದ್ದೆ. ಉತ್ತರ ಸಿಕ್ಕಿದ್ದು ನನ್ನದೇ ತಪ್ಪಿನಿಂದ. ಆದ್ದರಿಂದ ಅದನ್ನು ಮೊದಲು ಹೇಳಿಬಿಡುತ್ತೇನೆ.

2014ರ ಜನವರಿಯಲ್ಲಿ ಕರಾವಳಿಯ ಒಂದು ಸಣ್ಣ ಊರಿಗೆ ಚರ್ಚ್ ಹಬ್ಬದ ಚಿತ್ರೀಕರಣಕ್ಕಾಗಿ ಹೋಗಿದ್ದೆವು. ಅಲ್ಲಿ ಬಫಾತ್ ಮಾಡುವ ಹೊಣೆ ಊರವರೆಲ್ಲ ಬಾಯಮ್ಮ ಎಂದು ಕರೆಯುವ ಹಿರಿಯರೊಬ್ಬರದು. ಬೆಳಗಿನ ಆರೂವರೆಗೆ ಅವರ ಪಾತ್ರೆ ಒಲೆಯಿಂದ ಇಳಿದಿತ್ತು. ಊಟ ಹನ್ನೊಂದೂವರೆಗೆ ಎಂದು ನಿಗದಿಯಾಗಿತ್ತು. ಆದರೆ ನಮಗೆ ದೃಶ್ಯ ಬೇಕಿತ್ತಲ್ಲ! ಸಾಲಾಗಿ ಪಾತ್ರೆಗಳನ್ನು ಇಡಿಸಿ, ಮುಚ್ಚಳ ತೆಗೆಸಿ, ದೀಪಗಳನ್ನು ಹೊಂದಿಸುತ್ತ ಕುಳಿತೆವು. ಬಡಿಸುವಾಗ ಎರಡು ಗಂಟೆ. ಅಂದು ರಾತ್ರಿ ನಮ್ಮ ಕ್ಯಾಮೆರಾಮನ್ನನೂ ಸೇರಿ ಹಲವರಿಗೆ ವಾಂತಿ, ಹೊಟ್ಟೆನೋವು. ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಯಾವ ಪದಾರ್ಥದಿಂದ ಹಾಗಾಯಿತೆಂದು ಯಾರೂ ಪರೀಕ್ಷೆ ಮಾಡಿಸಲಿಲ್ಲ. ಮರುವರ್ಷ ಸಮಿತಿಯವರು ಊಟವನ್ನು ಪೇಟೆಯ ಕೇಟರಿಂಗ್‌ನವರಿಗೆ ವಹಿಸಿಬಿಟ್ಟರು. ಮನೆಗಳಿಂದ ಪಾತ್ರೆ ಬರುವುದು ನಿಂತಿತು.

ನಾನು ಬಾಯಮ್ಮನವರನ್ನು ಕಾಣಲು ಹೋದಾಗ ಅವರು ಹೇಳಿದ್ದು ಇಷ್ಟೇ: "ನಲವತ್ತು ವರ್ಷ ನಾನು ಮಾಡಿದ್ದು ತಿಂದು ಯಾರಿಗೂ ಎಂತದೂ ಆಗಲಿಲ್ಲ ಮಾರಾಯ್ರೆ. ಈಗ ಅದೆಂತದೋ ಕಾನೂನು ಉಂಟಂತೆ."

ಕಾನೂನು ಇರುವುದು ನಿಜ. ಆಹಾರ ಕಲಬೆರಕೆ ತಡೆಗೆ ನಮ್ಮಲ್ಲಿ 1954ರ ಕಾಯಿದೆಯೊಂದು ಇತ್ತು. ಅದರ ಜಾಗಕ್ಕೆ ಬಂದದ್ದು 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆ. 2011ರ ಆಗಸ್ಟ್‌ನಲ್ಲಿ ಅದರ ನಿಯಮಗಳು ಜಾರಿಗೆ ಬಂದವು. ಈ ಕಾಯಿದೆಯ ಪ್ರಕಾರ, ಲಾಭಕ್ಕಾಗಿ ಇರಲಿ, ಇಲ್ಲದಿರಲಿ, ಆಹಾರವನ್ನು ತಯಾರಿಸಿ ಹಂಚುವ ಉದ್ಯಮವೆಲ್ಲ ಆಹಾರ ವ್ಯವಹಾರವೇ. 2011ರ ಪರವಾನಗಿ ನಿಯಮಗಳಲ್ಲಿ ಸಣ್ಣ ಆಹಾರ ತಯಾರಕರು ಯಾರು ಎಂದು ವಿವರಿಸುವಾಗ, ಧಾರ್ಮಿಕ ಅಥವಾ ಸಾಮಾಜಿಕ ಕೂಟಗಳಲ್ಲಿ ಆಹಾರ ಹಂಚುವವರನ್ನೂ ಹೆಸರಿಸಲಾಗಿದೆ. ಕೇಟರಿಂಗ್‌ನವರು ಮಾತ್ರ ಆ ಗುಂಪಿಗೆ ಸೇರುವುದಿಲ್ಲ. ಇಂತಹ ಸಣ್ಣವರಿಗೆ ದೊಡ್ಡ ಕಾರ್ಖಾನೆಯಂತೆ ಪರವಾನಗಿ ಬೇಕಿಲ್ಲ. ಅವರು ಹೆಸರು ನೋಂದಾಯಿಸಿ, ಶುದ್ಧ ನೀರು, ಶುಚಿಯಾದ ಕೈ, ಮುಚ್ಚಿದ ಪಾತ್ರೆ ಮುಂತಾದ ಮೂಲ ಕಟ್ಟಳೆಗಳನ್ನು ಪಾಲಿಸಬೇಕು.

ಗಮನಿಸಿ, ಮನೆಯಡುಗೆ ಮಾಡಬೇಡಿ ಎಂದು ಈ ನಿಯಮ ಎಲ್ಲಿಯೂ ಹೇಳುವುದಿಲ್ಲ. ಇದು ಚರ್ಚ್‌ಗೆಂದೇ ಮಾಡಿದ ನಿಯಮವೂ ಅಲ್ಲ. ದೇವಸ್ಥಾನದ ಅನ್ನಸಂತರ್ಪಣೆ, ಉರೂಸಿನ ಊಟ, ಎಲ್ಲವೂ ಧಾರ್ಮಿಕ ಕೂಟಗಳೇ ತಾನೆ?

ಹಾಗಾದರೆ ನಲವತ್ತು ವರ್ಷ ಏನೂ ಆಗದಿದ್ದುದು ಹೇಗೆ? ಇಲ್ಲಿ ನಾವು ವಿಜ್ಞಾನದ ಕಡೆಗೆ ತಿರುಗಬೇಕು. ಹಳೆಯ ಅಡುಗೆಯಲ್ಲಿ ರಕ್ಷಣೆಯ ಉಪಾಯಗಳು ಅಡಗಿವೆ. ಸಾನ್ನಾದ ಹಿಟ್ಟನ್ನು ಹಿಂದೆ ಶೇಂದಿ ಹಾಕಿ ಹುದುಗಿಸುತ್ತಿದ್ದರು. ಹುದುಗಿದ ಹಿಟ್ಟು ಹುಳಿಯಾಗುತ್ತದೆ. ಹುಳಿಯಲ್ಲಿ ಅನೇಕ ಹಾನಿಕರ ಸೂಕ್ಷ್ಮಜೀವಿಗಳು ಬೆಳೆಯಲಾರವು. ಸೋರ್ಪೊತೆಲ್ ಎಂಬ ಮಾಂಸದ ಪದಾರ್ಥಕ್ಕೆ ವಿನೆಗರ್ ಧಾರಾಳವಾಗಿ ಬೀಳುತ್ತದೆ. ಅದನ್ನು ದಿನಾ ಚೆನ್ನಾಗಿ ಕುದಿಸಿ ಇಡುವುದು ಮನೆಗಳ ರೂಢಿ. ಕ್ರಿಸ್ಮಸ್‌ನ ಕುಸ್ವಾರ್ ತಟ್ಟೆಯಲ್ಲಿರುವ ಕಿಡಿಯೊ, ಗುಳಿಯೊಗಳಲ್ಲಿ ನೀರಿನಂಶ ತೀರ ಕಡಿಮೆ. ಹಾಗಾಗಿ ಅವು ದಿನಗಟ್ಟಲೆ ಕೆಡುವುದಿಲ್ಲ.

ಆದರೆ ಹತ್ತು ಜನರ ಅಡುಗೆಯೇ ಬೇರೆ, ಐನೂರು ಜನರ ಅಡುಗೆಯೇ ಬೇರೆ. ಒಂದು ಪಾತ್ರೆಯ ಉದ್ದ, ಅಗಲ, ಎತ್ತರ ಮೂರನ್ನೂ ಇಮ್ಮಡಿಸಿದರೆ ಅದರ ಗಾತ್ರ 8 ಪಟ್ಟಾಗುತ್ತದೆ, ಹೊರಮೈ 4 ಪಟ್ಟು ಮಾತ್ರ. ಶಾಖ ಹೊರಹೋಗುವುದು ಹೊರಮೈಯಿಂದ. ಆದ್ದರಿಂದ ಮನೆಯ ಮಡಕೆ ಬೇಗ ತಣಿದರೆ, ಹಬ್ಬದ ಹಂಡೆಯ ನಡುಭಾಗ ಗಂಟೆಗಟ್ಟಲೆ ಉಗುರುಬೆಚ್ಚಗೆ ಉಳಿಯುತ್ತದೆ.

ಅಪಾಯವಿರುವುದು ಈ ಉಗುರುಬೆಚ್ಚಗಿನ ಸ್ಥಿತಿಯಲ್ಲೇ. ಸುಮಾರು 5ರಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆ ಬ್ಯಾಕ್ಟೀರಿಯಾಗಳಿಗೆ ಅನುಕೂಲವಾದ ವಲಯ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬುದರ ಬೀಜಾಣುಗಳು ಮಾಂಸದ ಸಾರು ಕುದಿದರೂ ಸಾಯುವುದಿಲ್ಲ. ಸಾರು ತಣಿಯುವಾಗ ಮೊಳೆತು ಬೆಳೆಯುತ್ತವೆ. ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬುದು ಹೀಗೆಯೇ ಬದುಕಿ ಉಳಿಯುತ್ತದೆ. ಅದು ಉಂಟುಮಾಡುವ ವಾಂತಿಯ ವಿಷ ಮತ್ತೆ ಬಿಸಿ ಮಾಡಿದರೂ ನಾಶವಾಗುವುದಿಲ್ಲ. ಸ್ಥಿತಿ ಅನುಕೂಲವಾಗಿದ್ದರೆ ಒಂದು ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ಎರಡಾಗಬಲ್ಲದು. ನೀವೇ ಲೆಕ್ಕ ಹಾಕಿ: ಒಂದು ಗಂಟೆಗೆ 8, ನಾಲ್ಕು ಗಂಟೆಗೆ 4,096, ಎಂಟು ಗಂಟೆಗೆ 1 ಕೋಟಿ 67 ಲಕ್ಷ!

ಬೆಳಗಿನ ಆರೂವರೆಯಿಂದ ಮಧ್ಯಾಹ್ನದ ಎರಡರವರೆಗೆ ಎಷ್ಟು ಗಂಟೆಯಾಯಿತು ಎಂಬುದನ್ನೂ ಎಣಿಸಿ ನೋಡಿ. ಬಾಯಮ್ಮನವರ ಕೈಯಲ್ಲಿ ದೋಷವಿರಲಿಲ್ಲ. ಸಮಯವನ್ನು ಹಾಳು ಮಾಡಿದವರು ನಾವು.

ನಿಯಮ ಕುರುಡಾದರೂ ಕಷ್ಟವೇ. 2009ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ರೋಚೆಸ್ಟರ್ ಎಂಬ ಊರಿನ ಒಂದು ಚರ್ಚ್‌ನಲ್ಲಿ, ಮಹಿಳೆಯರು ಮನೆಯಲ್ಲಿ ಬೇಯಿಸಿ ತಂದಿದ್ದ ಪೈ ಎಂಬ ಸಿಹಿತಿಂಡಿಯ ಮಾರಾಟವನ್ನು ಅಧಿಕಾರಿಯೊಬ್ಬರು ತಡೆದರು. ತಪಾಸಣೆಯಾಗದ ಅಡುಗೆಮನೆಯಲ್ಲಿ ಮಾಡಿದ್ದು ಎಂಬುದೇ ಆಕ್ಷೇಪ. ಜನ ಬೇಸರಗೊಂಡರು. ಮುಂದೆ ಆ ರಾಜ್ಯದ ಕಾನೂನಿನಲ್ಲಿ, ಬೇಗ ಕೆಡದ ಇಂತಹ ತಿನಿಸುಗಳಿಗೆ ವಿನಾಯಿತಿ ದೊರೆಯಿತು. ಒಣ ಸಿಹಿತಿಂಡಿಯನ್ನೂ ಮಾಂಸದ ಸಾರನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬುದು ಇದರ ಪಾಠ. ಅಪಾಯ ಎಲ್ಲಿ ಹೆಚ್ಚೋ ಅಲ್ಲಿ ನಿಯಮ ಬಿಗಿಯಾಗಬೇಕು; ಉಳಿದೆಡೆ ಸಡಿಲವಾಗಬೇಕು. ಈ ವಿವೇಚನೆ ಮಾಡಲು ಅಧಿಕಾರಿಗೂ ಅಡುಗೆಯವರಿಗೂ ವಿಜ್ಞಾನ ತಿಳಿದಿರಬೇಕು.

ಇನ್ನು ನಮ್ಮ ಊರಿನ ಕಥೆಯ ಮುಂದಿನ ಭಾಗ. 2016ರಲ್ಲಿ ಆ ಚರ್ಚ್‌ನ ಕೆಲವು ಕಾಲೇಜು ವಿದ್ಯಾರ್ಥಿಗಳು ಒಂದು ಥರ್ಮಾಮೀಟರ್ ಹಿಡಿದುಕೊಂಡು ಬಾಯಮ್ಮನವರ ಮನೆಗೆ ಹೋದರು. ಸಮಿತಿಯ ಹೆಸರಿನಲ್ಲಿ ನೋಂದಣಿ ಮಾಡಿಸಿದರು. ಅಡುಗೆಯನ್ನು ಹಲವು ಮನೆಗಳಿಂದ ಸಭಾಭವನದ ಒಂದೇ ಅಡುಗೆಕೋಣೆಗೆ ತಂದರು. ದೊಡ್ಡ ಹಂಡೆಯ ಬದಲು ನಾಲ್ಕು ಸಣ್ಣ ಪಾತ್ರೆ. ಪ್ರತಿ ಮುಚ್ಚಳದ ಮೇಲೆ ಸೀಮೆಸುಣ್ಣದಲ್ಲಿ ಒಲೆಯಿಂದ ಇಳಿಸಿದ ಹೊತ್ತು. ಬಡಿಸುವವರೆಗೂ ಉಷ್ಣತೆ 60 ಡಿಗ್ರಿಗಿಂತ ಕೆಳಗಿಳಿಯದಂತೆ ಸಣ್ಣ ಉರಿಯಲ್ಲಿಟ್ಟರು.

"ಅಡುಗೆ ಹೇಗೆ ಮಾಡಬೇಕಂತ ನನಗೆ ಹೇಳ್ಬೇಡಿ," ಎಂದರಂತೆ ಬಾಯಮ್ಮ, "ಗಂಟೆ ನೋಡುವ ಕೆಲಸ ನೀವು ಮಾಡಿ." ಅದೇ ಒಪ್ಪಂದವಾಯಿತು. ಆ ವರ್ಷವೂ ನಾವು ಚಿತ್ರೀಕರಣಕ್ಕೆ ಹೋದೆವು. ಕ್ಯಾಮೆರಾದ ಮುಂದೆ ಒಂದು ಚಿಕ್ಕ ಪಾತ್ರೆಯನ್ನು ಮಾತ್ರ ತೆರೆದಿಟ್ಟೆವು. ಅದನ್ನು ಯಾರಿಗೂ ಬಡಿಸಲಿಲ್ಲ.

ಮಿತ್ರರೇ, ನಿಮ್ಮ ಊರಿನ ಜಾತ್ರೆ, ಹಬ್ಬ, ಕಾಲೇಜಿನ ಆಹಾರ ಮೇಳಗಳಲ್ಲಿ ಹಿರಿಯರ ಕೈರುಚಿ ಉಳಿಯಬೇಕೆಂದು ನೀವು ಬಯಸುವುದಾದರೆ, ಮುಂದಿನ ಸಲ ಬಡಿಸುವ ಸೌಟಿನ ಜೊತೆಗೆ ಒಂದು ತುಂಡು ಸೀಮೆಸುಣ್ಣವನ್ನೂ ಕೈಯಲ್ಲಿ ಹಿಡಿಯಿರಿ. ಮುಚ್ಚಳದ ಮೇಲೆ ಗಂಟೆ ಬರೆಯಿರಿ. ಅಷ್ಟರಿಂದ ಕೆಲಸ ಆರಂಭವಾಗುತ್ತದೆ.