ಇಂಗ್ಲಿಷ್ ಎಂ.ಎ. ಓದುವವರೊಡನೆ ಎರಡು ಮಾತು

(ನಮ್ಮ ಉಚಿತ ವಾಚನಾಲಯದ ವಾರ್ಷಿಕ ಕೂಟದಲ್ಲಿ ಮಾಡಿದ ಭಾಷಣ)



ಕನ್ನಡ ಸಂಘದ ವಾಚನಾಲಯದಲ್ಲಿ ನಿಂತು ಇಂಗ್ಲಿಷ್ ಪದವಿಯ ವಿಷಯ ಮಾತನಾಡುವುದೆಂದರೆ ತವರುಮನೆಯ ಜಗಲಿಯಲ್ಲಿ ಕುಳಿತು ಅತ್ತೆಮನೆಯ ಗುಣಗಾನ ಮಾಡಿದಂತೆ. ಇಂಗ್ಲಿಷ್ ಬಿ.ಎ., ಎಂ.ಎ. ಓದುವವರಿಗಾಗಿ ಒಂದು ಕಪಾಟು ಪುಸ್ತಕ ತರಿಸೋಣವೆಂಬ ಸೂಚನೆ ಕಾರ್ಯಕಾರಿ ಸಮಿತಿಯ ಮುಂದೆ ಬಂದಾಗ ಹಿರಿಯ ಸದಸ್ಯರೊಬ್ಬರು, "ಕನ್ನಡದ ಹೆಸರಿನಲ್ಲಿ ಕೂಡಿಸಿದ ದುಡ್ಡಿನಿಂದ ಇಂಗ್ಲಿಷ್ ಪುಸ್ತಕವೇ?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೆ. ಉತ್ತರ ಕೊಡುವ ಕೆಲಸ ನಮ್ಮ ಪಾಲಿಗೆ ಬಂದಿದೆ. ನಾವು ಎಂದರೆ, ನಲವತ್ತು ವರುಷಗಳ ಹಿಂದೆ ಇದೇ ಕೋಣೆಯ ಇದೇ ಉದ್ದ ಮೇಜಿನ ಕೊನೆಯಲ್ಲಿ ಕುಳಿತು ಇಂಗ್ಲಿಷ್ ಎಂ.ಎ. ಪರೀಕ್ಷೆಗೆ ಓದಿದವರು. ಓದಿದವರು ಮೂವರು, ಪಾಸಾದವರು ಇಬ್ಬರು. ಮೂರನೆಯವರ ವಿಷಯ ಆಮೇಲೆ ಹೇಳುತ್ತೇವೆ.

ಮೊದಲು ತರುಣರಿಗೆ ಒಂದು ಬಿನ್ನಹ. ಪ್ರತಿ ವರುಷ ಜೂನ್ ಬಂತೆಂದರೆ ಒಬ್ಬಿಬ್ಬರಾದರೂ ನಮ್ಮ ಬಳಿ ಬಂದು, "ಸರ್, ಇಂಗ್ಲಿಷ್ ಎಂ.ಎ. ಮಾಡಿದರೆ ಇಂಗ್ಲಿಷ್ ಮಾತು ಸರಾಗವಾಗಿ ಬರುತ್ತದಲ್ಲವೆ?" ಎಂದು ಕೇಳುತ್ತಾರೆ. ಬರುವುದಿಲ್ಲ. ಆಫೀಸಿನಲ್ಲಿ ಮೇಲಧಿಕಾರಿಯೆದುರು ತಡವರಿಸದೆ ಮಾತನಾಡಬೇಕೆಂಬುದಷ್ಟೆ ನಿಮ್ಮ ಆಸೆಯಾದರೆ ಅದಕ್ಕೆ ಎರಡು ವರುಷ, ಇಷ್ಟೊಂದು ಫೀಸು ಬೇಡ. ದಿನಾಲೂ ಅರ್ಧ ಗಂಟೆ ಇಂಗ್ಲಿಷ್ ಪತ್ರಿಕೆಯನ್ನು ಗಟ್ಟಿಯಾಗಿ ಓದಿ, ತಪ್ಪೋ ಒಪ್ಪೋ ನಾಲ್ಕು ಜನರೊಡನೆ ಮಾತನಾಡಿ. ಆರು ತಿಂಗಳಲ್ಲಿ ನಾಲಿಗೆ ಸಡಿಲವಾಗುತ್ತದೆ. ಎಂ.ಎ. ಎಂಬುದು ಸಾಹಿತ್ಯದ ಅಭ್ಯಾಸ. ಚಾಸರನಿಂದ ಹಿಡಿದು ಶೇಕ್ಸ್‌ಪಿಯರ್, ಮಿಲ್ಟನ್, ವರ್ಡ್ಸ್‌ವರ್ತ್, ಹಾರ್ಡಿ, ಇತ್ತೀಚೆಗೆ ಆಫ್ರಿಕದ ಅಚಿಬೆ, ನಮ್ಮವರೇ ಆದ ರಾಜಾರಾವ್, ಆರ್. ಕೆ. ನಾರಾಯಣ್ ಇವರನ್ನೆಲ್ಲ ಓದಿ, ಓದಿದ್ದನ್ನು ತೂಗಿ ನೋಡಿ, ಮೂರು ಗಂಟೆಯಲ್ಲಿ ಬರೆದು ತೋರಿಸಬೇಕು. ಅದರಲ್ಲಿ ರುಚಿ ಇಲ್ಲದವನಿಗೆ ಅದೊಂದು ಶಿಕ್ಷೆ.

ಈ ವಿಷಯ ನಮ್ಮ ದೇಶಕ್ಕೆ ಬಂದ ಬಗೆಯೂ ವಿಚಿತ್ರ. 1835ರಲ್ಲಿ ಮೆಕಾಲೆ ತನ್ನ ಟಿಪ್ಪಣಿ ಬರೆದ. 1857ರಲ್ಲಿ ಕಲ್ಕತ್ತ, ಮುಂಬಯಿ, ಮದರಾಸು ವಿಶ್ವವಿದ್ಯಾಲಯಗಳು ಹುಟ್ಟಿದವು. ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆಂದೇ ಪ್ರತ್ಯೇಕ ವಿಭಾಗ ಏರ್ಪಟ್ಟದ್ದು 1894ರಲ್ಲಿ. ಅಂದರೆ ಅಲ್ಲಿಯ ಹುಡುಗರು ಮುಖ್ಯವಾಗಿ ಗ್ರೀಕ್, ಲ್ಯಾಟಿನ್ ಉರುಹೊಡೆಯುತ್ತಿದ್ದ ಕಾಲದಲ್ಲೇ ಇಲ್ಲಿಯ ಹುಡುಗರು ಪರೀಕ್ಷೆಗೆ ಶೇಕ್ಸ್‌ಪಿಯರನನ್ನು ಓದುತ್ತಿದ್ದರು! ಗುಮಾಸ್ತರನ್ನು ತಯಾರಿಸಲು ತಂದರೋ, ಬುದ್ಧಿ ತಿದ್ದಲು ತಂದರೋ, ಆ ವಾದ ಇನ್ನೂ ಮುಗಿದಿಲ್ಲ. ತಂದವರ ಉದ್ದೇಶ ಏನೇ ಇರಲಿ, ಓದಿದವರು ಅದರಿಂದ ಏನು ಮಾಡಿಕೊಂಡರೆಂಬುದು ನಮಗೆ ಮುಖ್ಯ.

ಹಿರಿಯರ ಪ್ರಶ್ನೆಗೆ ಉತ್ತರ ಇಲ್ಲಿಯೇ ಇದೆ. ಬಿ. ಎಂ. ಶ್ರೀಕಂಠಯ್ಯನವರು ಮೈಸೂರಿನಲ್ಲಿ ಕಲಿಸುತ್ತಿದ್ದದ್ದು ಇಂಗ್ಲಿಷ್. 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘಕ್ಕೆ ಬಂದು ಕನ್ನಡ ತಲೆಯೆತ್ತುವ ಬಗೆ ಹೇಗೆಂದು ಭಾಷಣ ಮಾಡಿದವರು ಅವರೇ. ಮುಂದೆ 'ಇಂಗ್ಲಿಷ್ ಗೀತಗಳು' ಕೊಟ್ಟು ಹೊಸ ಕವಿತೆಗೆ ದಾರಿ ಮಾಡಿದವರೂ ಅವರೇ. ಮಾಸ್ತಿಯವರು 1914ರಲ್ಲಿ ಮದರಾಸಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿದರು, ಬರೆದದ್ದು ಕನ್ನಡದ ಸಣ್ಣಕಥೆ. ಗೋಕಾಕರು ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಓದಿದವರು, ಪುಣೆಯ ಫರ್ಗುಸನ್ ಕಾಲೇಜಿನಲ್ಲಿ ಅದನ್ನೇ ಕಲಿಸಿದವರು. ಅಡಿಗರು, ಅನಂತಮೂರ್ತಿಯವರು, ಲಂಕೇಶರು, ಶಾಂತಿನಾಥ ದೇಸಾಯಿಯವರು ಎಲ್ಲರೂ ಹೊಟ್ಟೆಪಾಡಿಗೆ ಇಂಗ್ಲಿಷ್ ಮೇಷ್ಟರು. ಕೀರ್ತಿನಾಥ ಕುರ್ತಕೋಟಿಯವರಂತೂ ದೂರದ ಗುಜರಾತಿನ ಆಣಂದದಲ್ಲಿ ಇಂಗ್ಲಿಷ್ ಕಲಿಸುತ್ತ ಕನ್ನಡ ವಿಮರ್ಶೆ ಬರೆದರು. ಇವರ ಹೆಸರುಗಳನ್ನು ತೆಗೆದುಹಾಕಿ ಆ ಗೋಡೆಯ ಕನ್ನಡ ಕಪಾಟನ್ನೊಮ್ಮೆ ನೋಡಿ. ಎಷ್ಟು ಖಾಲಿ ಜಾಗ ಉಳಿಯುತ್ತದೆ!

ಹಾಗೆಂದು ಹಿರಿಯರ ಅಳುಕು ಸುಳ್ಳೆಂದು ನಾವು ಹೇಳುವುದಿಲ್ಲ. ಇಂಗ್ಲಿಷ್ ಓದಿದ ಮೇಲೆ ಲೋಕಲ್ ಗಾಡಿಯಲ್ಲಿ ಕನ್ನಡ ಪತ್ರಿಕೆ ಬಿಡಿಸಲು ನಾಚುವ ಮಂದಿಯನ್ನು ನಾವೂ ಕಂಡಿದ್ದೇವೆ. ಅಂಥವರು ಇಂಗ್ಲಿಷನ್ನೂ ಸರಿಯಾಗಿ ಓದಿದವರಲ್ಲವೆಂದು ನಮ್ಮ ಗುಮಾನಿ.

ಇನ್ನು ಓದುವ ಬಗೆ. ನಮ್ಮ ಮೂವರಿಗೂ ಮೊದಲು ತೊಡಕಾದದ್ದು ಅರ್ಥವಲ್ಲ, ಕಿವಿ. ಕನ್ನಡದವರ ಕಿವಿಗೆ ಗುರು ಲಘು ಗೊತ್ತು. ಮಾತ್ರೆ ಎಣಿಸುವುದು ರಕ್ತದಲ್ಲೇ ಇದೆ. ಇಂಗ್ಲಿಷ್ ಪದ್ಯ ನಡೆಯುವುದು ಒತ್ತಿನ ಮೇಲೆ. 'ರೆಕಾರ್ಡ್' ಎಂಬ ಮಾತನ್ನೇ ತೆಗೆದುಕೊಳ್ಳಿ. ವಸ್ತುವಿನ ಹೆಸರಾದಾಗ ಮೊದಲ ಅಕ್ಷರಕ್ಕೆ ಒತ್ತು, ಕ್ರಿಯೆಯಾದಾಗ ಎರಡನೆಯದಕ್ಕೆ. ನಾವೋ ಎರಡನ್ನೂ ಸಮನಾಗಿ ಎಳೆದು ಹೇಳುತ್ತಿದ್ದೆವು. ಹೀಗೆ ಸಮನಾಗಿ ಎಳೆದರೆ ಶೇಕ್ಸ್‌ಪಿಯರನ ಸಾಲು ಸತ್ತೇ ಹೋಗುತ್ತದೆ. ಸಾಮಾನ್ಯವಾಗಿ ಅದರಲ್ಲಿ ಹತ್ತು ಅಕ್ಷರ. ಒಂದು ಮೆಲ್ಲಗೆ, ಒಂದು ಒತ್ತಿ, ಹೀಗೆ ಐದು ಹೆಜ್ಜೆ. ಆಫೀಸಿನ ಮಿತ್ರರೊಬ್ಬರು ಮೇಜಿನ ಮೇಲೆ ಬೆರಳಿನಿಂದ ತಾಳ ಹಾಕಿ ತೋರಿಸಿಕೊಟ್ಟ ದಿನ ನಮಗೆ ಕಣ್ಣು ತೆರೆಯಿತು, ಕಿವಿ ಎನ್ನಬೇಕು. ಆಮೇಲೆ ಇದೇ ಕೋಣೆಯಲ್ಲಿ ಗಟ್ಟಿಯಾಗಿ ಓದತೊಡಗಿ, ಪತ್ರಿಕೆ ಓದಲು ಬರುವ ಹಿರಿಯರಿಂದ ಬೈಸಿಕೊಂಡೆವು. ಶ್ರೀಯವರು ಇಂಗ್ಲಿಷ್ ಕವಿತೆಯನ್ನು ಕನ್ನಡಕ್ಕೆ ತರುವಾಗ ಆ ಒತ್ತಿನ ನಡೆಯನ್ನು ನಮ್ಮ ಮಾತ್ರೆಯ ನಡೆಗೆ ಹೊಂದಿಸಿದ ಕಷ್ಟ ಎಂಥದೆಂಬುದು ನಮಗೆ ತಿಳಿದದ್ದೂ ಆಗಲೇ. ಇಂಗ್ಲಿಷ್ ಓದದಿದ್ದರೆ ಆ ಕನ್ನಡ ಪುಸ್ತಕದ ಬೆಲೆ ನಮಗೆ ಗೊತ್ತಾಗುತ್ತಿರಲಿಲ್ಲ.

ಎರಡನೆಯ ತೊಡಕು ಹವೆಯದು. ಚಾಸರನ ಯಾತ್ರಿಕರ ಕಥೆ ಏಪ್ರಿಲ್ ತಿಂಗಳ ಮಳೆಯಿಂದ ಶುರುವಾಗುತ್ತದೆ. ಏಪ್ರಿಲ್ ಎಂದರೆ ಮುಂಬಯಿಯವರಿಗೆ ಬೆವರು, ವಿಜಾಪುರದವರಿಗೆ ಬೆಂಕಿ. ಶೇಕ್ಸ್‌ಪಿಯರ್ ತನ್ನ ಪ್ರಿಯಜೀವವನ್ನು ಬೇಸಗೆಯ ದಿನಕ್ಕೆ ಹೋಲಿಸಲೇ ಎಂದು ಕೇಳುತ್ತಾನೆ. ನಮ್ಮ ಕಡೆ ಹೆಂಡತಿಯನ್ನು ಹಾಗೆ ಹೋಲಿಸಿದರೆ ರಾತ್ರಿ ಊಟ ಸಿಕ್ಕುವುದು ಕಷ್ಟ. ಆರು ತಿಂಗಳು ಚಳಿಯಲ್ಲಿ ಮುದುಡಿ ಕುಳಿತ ಜನಕ್ಕೆ ಬಿಸಿಲೆಂದರೆ ಏನೆಂಬುದನ್ನು ಮನಸ್ಸಿಗೆ ತಂದುಕೊಂಡು ಓದಬೇಕು. ನಮಗೆ ಶ್ರಾವಣ ಹೇಗೋ ಅವರಿಗೆ ಏಪ್ರಿಲ್ ಹಾಗೆ.

ಇದಕ್ಕೆ ತಿರುಗಿ, ನಮಗೆ ಸುಲಭವಾಗಿ, ಬೇರೆಯವರಿಗೆ ಕಷ್ಟವಾಗುವ ಪುಸ್ತಕಗಳೂ ಉಂಟು. ಹಾಸನದಲ್ಲಿ ಹುಟ್ಟಿದ ರಾಜಾರಾಯರ 'ಕಾಂತಾಪುರ' 1938ರಲ್ಲಿ ಬಂದದ್ದು. ಕೆಂಚಮ್ಮ, ಹೇಮಾವತಿ, ಹರಿಕಥೆ, ಜಗಲಿಯಲ್ಲಿ ಕುಳಿತು ಕಥೆ ಹೇಳುವ ಅಚ್ಚಕ್ಕ, ಇವೆಲ್ಲಕ್ಕೆ ಉಳಿದವರು ಅಡಿಟಿಪ್ಪಣಿ ಹುಡುಕುವಾಗ ನಮ್ಮ ಹುಡುಗರು ಅಜ್ಜಿಯ ದನಿ ಕೇಳಿದಂತೆ ಓದುತ್ತಾರೆ. ಈಗ ಎಷ್ಟೋ ಕಡೆ ಇಂಗ್ಲಿಷ್ ತರಗತಿಗಳಲ್ಲಿ ಕಾರ್ನಾಡರ 'ತುಘಲಕ್', ಅನಂತಮೂರ್ತಿಯವರ 'ಸಂಸ್ಕಾರ' ಪಠ್ಯವಾಗಿವೆ. 'ಸಂಸ್ಕಾರ' 1965ರದು, ಎ. ಕೆ. ರಾಮಾನುಜನ್ ಅವರ ಇಂಗ್ಲಿಷ್ ಅನುವಾದ 1976ರಲ್ಲಿ ಬಂತು. ಮೂಲ ಈ ಕಪಾಟಿನಲ್ಲೇ ಇದೆ. ಮೂಲ ಮತ್ತು ಅನುವಾದಗಳನ್ನು ಅಕ್ಕಪಕ್ಕ ಇಟ್ಟು ಓದಿ, ಪ್ರಾಣೇಶಾಚಾರ್ಯರ ಅಗ್ರಹಾರದ ಕನ್ನಡ ಇಂಗ್ಲಿಷಿಗೆ ಹೋಗುವಾಗ ಯಾವುದು ಉಳಿಯಿತು, ಯಾವುದು ಜಾರಿತು ಎಂದು ಬರೆಯಬಲ್ಲ ವಿದ್ಯಾರ್ಥಿ ಪರೀಕ್ಷಕರಿಗೆ ದಿನಾಲೂ ಸಿಕ್ಕುವುದಿಲ್ಲ.

ಈಗ ಮೂರನೆಯವರ ವಿಷಯ.

ಅವರು ಕೋಟೆ ಭಾಗದ ಉಡುಪಿ ಹೋಟೆಲೊಂದರ ಗಲ್ಲೆಯ ಮೇಲೆ ಕೂಡುತ್ತಿದ್ದರು. ಕನ್ನಡ ರಾತ್ರಿಶಾಲೆಯಲ್ಲಿ ಕಲಿತು, ಬೆಳಗಿನ ಕಾಲೇಜಿಗೆ ಹೋಗಿ ಬಿ.ಎ. ಮಾಡಿದವರು. ನಮ್ಮ ಮೂವರಲ್ಲಿ ಕವಿತೆಯ ಹುಚ್ಚು ನಿಜವಾಗಿ ಇದ್ದದ್ದು ಅವರೊಬ್ಬರಿಗೆ. ನಾವಿಬ್ಬರೂ ಬಡ್ತಿಯ ಆಸೆಗೆ ಓದಿದವರು. ಮಿಲ್ಟನ್ನನ 'ಪ್ಯಾರಡೈಸ್ ಲಾಸ್ಟ್' ಕಾವ್ಯದ ಮೊದಲೆರಡು ಸರ್ಗ ಪಠ್ಯವಾಗಿತ್ತು. ಒಳ್ಳೆಯ ಟಿಪ್ಪಣಿಯಿದ್ದ ಒಂದೇ ಒಂದು ಪ್ರತಿ ಫ್ಲೋರಾ ಫೌಂಟನ್ನಿನ ಹಾದಿಬದಿಯ ಹಳೆ ಪುಸ್ತಕದವನ ಬಳಿ ಸಿಕ್ಕಿತು. ಮೂವರೂ ಸೇರಿ ಕೊಂಡೆವು. ಅವರು ಹೋಟೆಲಿನಿಂದ ಬರುತ್ತಿದ್ದದ್ದು ರಾತ್ರಿ ಒಂಬತ್ತರ ಮೇಲೆ. ಅಷ್ಟರಲ್ಲಿ ವಾಚನಾಲಯ ಮುಚ್ಚುತ್ತಿತ್ತು. ಪುಸ್ತಕ ನಮ್ಮಿಬ್ಬರಲ್ಲಿ ಒಬ್ಬರ ಚೀಲ ಸೇರಿ ಡೊಂಬಿವಿಲಿಗೆ ಹೋಗಿರುತ್ತಿತ್ತು. "ಇರಲಿ ಮಾರಾಯರೆ, ನಾನು ಗೈಡ್ ನೋಡಿಕೊಳ್ಳುತ್ತೇನೆ" ಎಂದರು. ನಾವೂ ಇರಲಿ ಎಂದುಕೊಂಡೆವು. ಸೈತಾನನೇ ಆ ಕಾವ್ಯದ ನಾಯಕನೆ ಎಂಬ ಪ್ರಶ್ನೆ ಬಂತು. ಅವರು ಗೈಡಿನಲ್ಲಿದ್ದ ಉತ್ತರವನ್ನು ಇದ್ದ ಹಾಗೆಯೇ ಬರೆದರು. ಅದೇ ವಾಕ್ಯಗಳನ್ನು ಆ ಪರೀಕ್ಷಕರು ಆ ವಾರ ಎಷ್ಟು ಸಲ ಓದಿದ್ದರೋ! ಆ ಪತ್ರಿಕೆಯಲ್ಲಿ ಅವರು ನಪಾಸಾದರು. ಮರುವರುಷ ಪರೀಕ್ಷೆಗೆ ಕೂಡಲಿಲ್ಲ. ಕೆಲವು ವರುಷಗಳ ಮೇಲೆ ಪುಣೆಯಲ್ಲಿ ಸ್ವಂತ ಹೋಟೆಲು ತೆರೆದರು. ದೀಪಾವಳಿಗೆ ಪತ್ರ ಬರೆಯುತ್ತಿದ್ದರು. ಪತ್ರದಲ್ಲಿ ಎಂ.ಎ.ಯ ಮಾತು ಒಮ್ಮೆಯೂ ಬರಲಿಲ್ಲ. ನಾವೂ ಎತ್ತಲಿಲ್ಲ. ಆ ಪುಸ್ತಕ ಇನ್ನೂ ನಮ್ಮ ಮನೆಯಲ್ಲಿದೆ. ಅದರಲ್ಲಿ ಅವರ ಪಾಲೂ ಇದೆ.

ಮೊದಲ ಸರ್ಗದಲ್ಲಿ ಇರುವುದು 798 ಸಾಲು. ದಿನಕ್ಕೆ 40 ಸಾಲಿನಂತೆ ಓದಿದರೆ 20 ದಿನ. ಪುಸ್ತಕ ಕೈಯಲ್ಲಿದ್ದಿದ್ದರೆ ಅವರು ಹತ್ತೇ ದಿನದಲ್ಲಿ ಮುಗಿಸುತ್ತಿದ್ದರು.

ಹೊಟ್ಟೆಪಾಡಿನ ಮಾತನ್ನೂ ಹೇಳಿಬಿಡುತ್ತೇವೆ, ಏಕೆಂದರೆ ಪಾಲಕರು ಕೇಳುತ್ತಾರೆ. ಕಾಲೇಜಿನಲ್ಲಿ ಕಲಿಸಬೇಕಾದರೆ ಬರಿಯ ಎಂ.ಎ. ಸಾಲದು. ಸಾಮಾನ್ಯ ವರ್ಗದವರಿಗೆ ನೂರಕ್ಕೆ 55 ಅಂಕ ಬೇಕು, ಅದರ ಮೇಲೆ ನೆಟ್ ಪರೀಕ್ಷೆ ಇಲ್ಲವೆ ಅಂಥ ಅರ್ಹತೆ ಬೇಕು. ಶಾಲೆಗಾದರೆ ಬಿ.ಎಡ್. ಅನುವಾದದ ಕೆಲಸ ಉಂಟು, ಆದರೆ ಎರಡು ಭಾಷೆಯೂ ಗಟ್ಟಿಯಾಗಿರಬೇಕು. ಕೆಲಸದಲ್ಲಿದ್ದುಕೊಂಡೇ ಓದುವವರಿಗೆ 1985ರಲ್ಲಿ ಹುಟ್ಟಿದ ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದಂಥ ಏರ್ಪಾಡುಗಳಿವೆ; ನಮ್ಮ ಕಾಲಕ್ಕೆ ಅದು ಇರಲಿಲ್ಲ. ಈಗ ಹಳೆಯ ಕಾವ್ಯಗಳೆಲ್ಲ ಕೈಫೋನಿನಲ್ಲೇ ಪುಕ್ಕಟೆ ಸಿಕ್ಕುತ್ತವೆ, ಕಪಾಟು ಏಕೆ ಎಂದೂ ಕೇಳಿದ್ದಾರೆ. ಬರಿಯ ಮೂಲ ಸಿಕ್ಕುತ್ತದೆ, ನಿಜ. ಒಳ್ಳೆಯ ಟಿಪ್ಪಣಿಯ ಪ್ರತಿಗೆ ದುಡ್ಡು ಕೊಡಬೇಕು. ದುಡ್ಡಿಲ್ಲದವನಿಗೆ ಫೋನಿನಲ್ಲೂ ಮೊದಲು ಎದುರಾಗುವುದು ಗೈಡೇ.

ಸಮಿತಿಯ ಮುಂದೆ ನಾವು ಇಟ್ಟಿರುವ ಯಾದಿ ಚಿಕ್ಕದು. ಮಿಲ್ಟನ್, ಶೇಕ್ಸ್‌ಪಿಯರನ ನಾಲ್ಕು ನಾಟಕ, ಒಂದು ಕವನ ಸಂಕಲನ, ಒಂದು ಸಾಹಿತ್ಯ ಚರಿತ್ರೆ, ಒಂದು ದೊಡ್ಡ ನಿಘಂಟು. ಜೊತೆಗೆ, ಕಳೆದುಹೋಗಿರುವ ನಮ್ಮ 'ಇಂಗ್ಲಿಷ್ ಗೀತಗಳು' ಪುಸ್ತಕದ ಬದಲಿಗೆ ಹೊಸ ಪ್ರತಿ. ಎಲ್ಲವೂ ಎರಡೆರಡು ಇರಲಿ. ಒಂದು ಮನೆಗೆ ಒಯ್ಯಲು, ಒಂದು ಕೋಣೆ ಬಿಟ್ಟು ಕದಲದಂತೆ. ಅರ್ಧ ಖರ್ಚು ನಾವು ಕೊಡುತ್ತೇವೆ. ಬರುವ ತಿಂಗಳ ಮೊದಲ ಭಾನುವಾರ ನಾಲ್ಕು ಗಂಟೆಗೆ ಮಿಲ್ಟನ್ ಓದಲು ಶುರು ಮಾಡುತ್ತೇವೆ. ಹೋಟೆಲಿನಲ್ಲಿ ಕೆಲಸವಿದ್ದವರಿಗೆ ಆ ಹೊತ್ತು ಬಿಡುವಾಗದಿದ್ದರೆ ರಾತ್ರಿ ಒಂಬತ್ತೂವರೆಗೆ ಬನ್ನಿ. ಬೀಗದಕೈ ನಮ್ಮ ಹತ್ತಿರ ಇರುತ್ತದೆ.